ಡಿಗ್ರಿ ಮೊದಲ ವರ್ಷದ ಜೀವವಿಜ್ಞಾನ ಪ್ರಾಕ್ಟಿಕಲ್: ಕಂಡದ್ದನ್ನು ನೋಡುವುದು, ನೋಡಿದ್ದನ್ನು ಬರೆಯುವುದು

ಪಿಯುಸಿಯಲ್ಲಿ ಪಿಸಿಎಂಬಿ ಓದಿ ಬಿ.ಎಸ್ಸಿ.ಗೆ ಬರುವ ಎಷ್ಟೋ ಮಕ್ಕಳ ಕೈಗೆ ಸೂಕ್ಷ್ಮದರ್ಶಕ ಸರಿಯಾಗಿ ಸಿಕ್ಕಿರುವುದೇ ಇಲ್ಲ. ನೀಟ್, ಸಿಇಟಿಗಳ ಗಡಿಬಿಡಿಯಲ್ಲಿ ಎರಡು ವರ್ಷ ಕಳೆದಿರುತ್ತದೆ. ಸೆಕೆಂಡ್ ಪಿಯುಸಿ ಪ್ರಾಕ್ಟಿಕಲ್‌ಗೆ 30 ಅಂಕ ಇದ್ದರೂ ಎಷ್ಟೋ ಕಡೆ ಪರೀಕ್ಷೆ ಹತ್ತಿರ ಬಂದಾಗ ನಾಲ್ಕಾರು ಪ್ರಯೋಗ ತೋರಿಸಿ, ರೆಕಾರ್ಡ್ ಬರೆಸಿ ಮುಗಿಸಿರುತ್ತಾರೆ. ಡಿಗ್ರಿಯಲ್ಲಿ ಸಸ್ಯಶಾಸ್ತ್ರ ತೆಗೆದುಕೊಳ್ಳಲಿ, ಪ್ರಾಣಿಶಾಸ್ತ್ರ ತೆಗೆದುಕೊಳ್ಳಲಿ, ಪ್ರತಿ ವಾರವೂ ಲ್ಯಾಬಿನಲ್ಲಿ ಕೂರಲೇಬೇಕು. ಅಲ್ಲಿ ಪಕ್ಕದವರ ರೆಕಾರ್ಡ್ ನೋಡಿ ಚಿತ್ರ ಇಳಿಸಿಕೊಂಡರೂ ಸಹಿ ಬೀಳುತ್ತದೆ. ಆದರೆ ಕೊನೆಗೆ ಕೈಗೆ ಯಾವ ಕೆಲಸವೂ ಬಂದಿರುವುದಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆಯುವ ಅಭ್ಯಾಸ ಮೊದಲ ಸೆಮಿಸ್ಟರ್‌ನಲ್ಲೇ ಬರಬೇಕು. ಮುಂದೆ ಎಂ.ಎಸ್ಸಿ.ಗೆ ಹೋಗಿ, ಡಯಾಗ್ನೋಸ್ಟಿಕ್ ಲ್ಯಾಬಿಗೆ ಸೇರಿ, ಬೀಜ ಕಂಪನಿಗೆ ಹೋಗಿ, ಶಾಲೆಯಲ್ಲಿ ಪಾಠ ಮಾಡಿ, ಎಲ್ಲ ಕಡೆಯೂ ಅದೊಂದೇ ಬಂಡವಾಳ.

ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಪಠ್ಯಕ್ರಮ ಸ್ವಲ್ಪ ಬದಲಾಗುತ್ತದೆ. ಮೈಸೂರಿನಲ್ಲಿ ಮೊದಲ ಸೆಮಿಸ್ಟರ್‌ಗೆ ಇರುವುದು ಧಾರವಾಡದಲ್ಲಿ ಎರಡನೆಯದಕ್ಕೆ ಬರಬಹುದು. ಆದರೆ ಸೂಕ್ಷ್ಮದರ್ಶಕ, ತೆಳು ಛೇದ, ಕೋಶವಿಭಜನೆ, ಅಭಿಸರಣೆ, ಆಹಾರ ಘಟಕಗಳ ಪರೀಕ್ಷೆ, ರಕ್ತದ ಗುಂಪು, ಇವು ಒಂದಲ್ಲ ಒಂದು ಕಡೆ ಎದುರಾಗುವಂಥವು. ಈ ಬರಹ ಅವುಗಳ ಬಗ್ಗೆ.

ಮೊದಲು ಕೊಳ್ಳಬೇಕಾದದ್ದು

ದೊಡ್ಡ ಖರ್ಚೇನಿಲ್ಲ. ಬಿಳಿ ಹತ್ತಿ ಕೋಟು, ಡಿಸೆಕ್ಷನ್ ಬಾಕ್ಸ್, ಎರಡು ಎಚ್‌ಬಿ ಪೆನ್ಸಿಲ್, ಒಳ್ಳೆಯ ರಬ್ಬರ್, ಒಂದು ಬದಿ ಗೆರೆ, ಇನ್ನೊಂದು ಬದಿ ಖಾಲಿ ಇರುವ ರೆಕಾರ್ಡ್ ಪುಸ್ತಕ, ಜೊತೆಗೆ ಸಾದಾ ನೋಟ್‌ಬುಕ್. ಕೋಟು ಸಿಂಥೆಟಿಕ್ ಬೇಡ. ಸ್ಪಿರಿಟ್ ಲ್ಯಾಂಪ್ ಹತ್ತಿರ ಕೆಲಸ ಮಾಡುವಾಗ ಅದು ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಬಾಕ್ಸಿನಲ್ಲಿ ಎರಡು ಸೂಜಿ, ಚಿಮಟಿಗೆ, ಸಣ್ಣ ಕತ್ತರಿ, ಬ್ರಷ್ ಇದ್ದರೆ ಸಾಕು. ಬ್ಲೇಡ್ ಮಾತ್ರ ಪ್ರತಿ ಸಲ ಹೊಸದು ತನ್ನಿ. ಹಳೆ ಬ್ಲೇಡಿನಲ್ಲಿ ಛೇದ ತೆಗೆಯುವುದು ಸಮಯ ಹಾಳು.

ಸಾದಾ ನೋಟ್‌ಬುಕ್ಕಿನ ಮಾತು ಯಾರೂ ಹೇಳುವುದಿಲ್ಲ, ಅದಕ್ಕೇ ಒತ್ತಿ ಹೇಳುತ್ತೇನೆ. ಲ್ಯಾಬಿನಲ್ಲಿ ಕೂತು ಬರೆಯುವುದು ಅದರಲ್ಲಿ. ತಾರೀಖು, ಸಮಯ, ಎಷ್ಟು ಹನಿ ಹಾಕಿದಿರಿ, ಬಣ್ಣ ಯಾವಾಗ ಬಂತು, ಏನು ಕಾಣಲಿಲ್ಲ, ಎಲ್ಲವೂ. ಸೊಟ್ಟ ಅಕ್ಷರವಾದರೂ ಪರವಾಗಿಲ್ಲ, ಮೇಲೆ ಬಣ್ಣ ಚೆಲ್ಲಿದರೂ ಪರವಾಗಿಲ್ಲ. ಮನೆಗೆ ಹೋಗಿ ರೆಕಾರ್ಡ್ ಬರೆಯುವಾಗ ನೆನಪು ಕೈಕೊಡುತ್ತದೆ, ಆ ಪುಟ ಕೈಕೊಡುವುದಿಲ್ಲ.

ಪ್ರಾಕ್ಟಿಕಲ್‌ಗೆ ಹೋಗುವ ಹಿಂದಿನ ರಾತ್ರಿ ಮ್ಯಾನುಯಲ್ ತೆಗೆದು ಆ ವಾರದ ಪ್ರಯೋಗದ ಕ್ರಮವನ್ನು ನಿಮ್ಮ ಮಾತಿನಲ್ಲಿ ಅರ್ಧ ಪುಟ ಬರೆದುಕೊಳ್ಳಿ. ಪ್ರತಿ ಹಂತದ ಪಕ್ಕ ‘ಯಾಕೆ?’ ಎಂದು ಕೇಳಿಕೊಳ್ಳಿ. ಉತ್ತರ ಗೊತ್ತಿಲ್ಲದ ಹಂತಕ್ಕೆ ಗುರುತು ಹಾಕಿ, ಬೆಳಿಗ್ಗೆ ಮೇಡಂ ಅಥವಾ ಸರ್ ಹತ್ತಿರ ಅದನ್ನೇ ಕೇಳಿ. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಈ ‘ಯಾಕೆ’ಗಳೇ.

ಸೂಕ್ಷ್ಮದರ್ಶಕದ ಜೊತೆ ಒಂದು ಗಂಟೆ

ಒಂದು ಕೈ ತೋಳಿನ ಮೇಲೆ, ಇನ್ನೊಂದು ಕೈ ಬುಡದ ಕೆಳಗೆ. ಹಾಗೆ ಎತ್ತಿ ತಂದು ಮೇಜಿನ ಅಂಚಿನಿಂದ ಸ್ವಲ್ಪ ಒಳಗೆ ಇಡಿ. ಐಪೀಸ್ ಸಾಮಾನ್ಯವಾಗಿ 10ಎಕ್ಸ್. ತಿರುಗುವ ಮೂತಿಯಲ್ಲಿ 4ಎಕ್ಸ್, 10ಎಕ್ಸ್, 40ಎಕ್ಸ್ ಆಬ್ಜೆಕ್ಟಿವ್‌ಗಳಿರುತ್ತವೆ. ನಮ್ಮ ಕಡೆಯ ಹಳೆ ಮಾದರಿಗಳಲ್ಲಿ 10ಎಕ್ಸ್ ಮತ್ತು 45ಎಕ್ಸ್ ಎರಡೇ ಇರಬಹುದು. ಐಪೀಸಿನ ಸಂಖ್ಯೆಯನ್ನು ಆಬ್ಜೆಕ್ಟಿವ್ ಸಂಖ್ಯೆಯಿಂದ ಗುಣಿಸಿದರೆ ಒಟ್ಟು ವರ್ಧನೆ: 10 ಗುಣಿಸು 40, ಅಂದರೆ 400 ಪಟ್ಟು.

ಕನ್ನಡಿ ಇರುವ ಸೂಕ್ಷ್ಮದರ್ಶಕವಾದರೆ ಕಿಟಕಿಯ ಕಡೆ ತಿರುಗಿಸಿ ಬೆಳಕು ಹಿಡಿಯಿರಿ. ನೇರ ಬಿಸಿಲನ್ನು ಮಾತ್ರ ಎಂದಿಗೂ ಹಿಡಿಯಬೇಡಿ, ಕಣ್ಣಿಗೆ ಅಪಾಯ. ಬೆಳಕನ್ನು ಒಟ್ಟುಗೂಡಿಸುವ ಕಂಡೆನ್ಸರ್ ಇದ್ದರೆ ಕನ್ನಡಿಯ ಸಪಾಟು ಮುಖ, ಇಲ್ಲದಿದ್ದರೆ ತಗ್ಗು ಮುಖ.

ಫೋಕಸ್ ಮಾಡುವ ಕ್ರಮ ಹೀಗೆ. ಅತಿ ಚಿಕ್ಕ ಆಬ್ಜೆಕ್ಟಿವ್ ಇಟ್ಟುಕೊಳ್ಳಿ. ಪಕ್ಕದಿಂದ ಕಣ್ಣಿಟ್ಟು ನೋಡುತ್ತಾ ಸ್ಲೈಡನ್ನೂ ಲೆನ್ಸನ್ನೂ ಹತ್ತಿರ ತನ್ನಿ. ಆಮೇಲೆ ಐಪೀಸಿನಲ್ಲಿ ನೋಡುತ್ತಾ ದೊಡ್ಡ ತಿರುಪನ್ನು ಎರಡೂ ದೂರವಾಗುವ ದಿಕ್ಕಿಗೆ ಮೆಲ್ಲಗೆ ತಿರುಗಿಸಿ. ಚಿತ್ರ ಮೂಡಿದಾಗ ಬೇಕಾದ ಭಾಗವನ್ನು ನಟ್ಟನಡುವೆ ತಂದು ಮುಂದಿನ ಆಬ್ಜೆಕ್ಟಿವ್‌ಗೆ ಹೋಗಿ. 40ಎಕ್ಸ್‌ಗೆ ಬಂದ ಮೇಲೆ ದೊಡ್ಡ ತಿರುಪನ್ನು ಮುಟ್ಟಲೇಬಾರದು. ಸಣ್ಣದರಲ್ಲೇ ಕೆಲಸ ಮುಗಿಸಬೇಕು. ಕವರ್ ಸ್ಲಿಪ್ ಒಡೆಯುವುದು, ಲೆನ್ಸ್ ಗೀರುವುದು ಈ ಹಂತದಲ್ಲೇ.

ಒಂದು ವಿಷಯಕ್ಕೆ ಎಲ್ಲರೂ ಮೋಸ ಹೋಗುತ್ತಾರೆ: ಬೆಳಕು ಜಾಸ್ತಿಯಾದಷ್ಟೂ ಚೆನ್ನಾಗಿ ಕಾಣುತ್ತದೆ ಎಂಬ ನಂಬಿಕೆ. ಬಣ್ಣ ಹಾಕದ ಕೋಶಗಳು, ಕೆರೆ ನೀರಿನ ಏಕಕೋಶ ಜೀವಿ ಪ್ಯಾರಾಮೀಸಿಯಂ, ಕೆನ್ನೆಯ ಒಳಪದರ, ಇವೆಲ್ಲ ಬಹುಮಟ್ಟಿಗೆ ಪಾರದರ್ಶಕ. ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಐರಿಸ್ ಡಯಾಫ್ರಮ್ ಅನ್ನು ಮುಚ್ಚುತ್ತಾ ಬನ್ನಿ. ಅಲ್ಲಿಯವರೆಗೆ ಏನೂ ಇಲ್ಲದ ಬೆಳಕಿನ ವೃತ್ತದಲ್ಲಿ ಅಂಚುಗಳು ಎದ್ದು ನಿಲ್ಲುತ್ತವೆ. ಪ್ಯಾರಾಮೀಸಿಯಂ ಅಂತೂ ವೃತ್ತದ ಆಚೆ ಓಡುತ್ತದೆ. ಅದು ಎಡಕ್ಕೆ ಹೋದಂತೆ ಕಂಡರೆ ಸ್ಲೈಡನ್ನೂ ನೀವು ಎಡಕ್ಕೇ ಸರಿಸಬೇಕು, ಯಾಕೆಂದರೆ ಬಿಂಬ ತಲೆಕೆಳಗು ಮತ್ತು ಎಡಬಲ ಅದಲುಬದಲು. ಸ್ವಲ್ಪ ಹತ್ತಿಯ ಎಳೆ ಬಿಡಿಸಿ ನೀರಿಗೆ ಹಾಕಿದರೆ ಅದರ ಓಟ ನಿಧಾನವಾಗುತ್ತದೆ.

ಅಳತೆಯನ್ನೂ ಮೊದಲ ದಿನವೇ ಕಲಿಯಿರಿ. 4ಎಕ್ಸ್‌ನಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲ್ ಇಟ್ಟು ಬೆಳಕಿನ ವೃತ್ತದ ವ್ಯಾಸ ಎಷ್ಟು ಮಿಲಿಮೀಟರ್ ಎಂದು ಎಣಿಸಿ. 4.5 ಮಿ.ಮೀ. ಬಂತು ಎನ್ನಿ. 10ಎಕ್ಸ್‌ನಲ್ಲಿ ವರ್ಧನೆ ಎರಡೂವರೆ ಪಟ್ಟು ಹೆಚ್ಚು, ಹಾಗಾಗಿ ವ್ಯಾಸ 1.8 ಮಿ.ಮೀ. 40ಎಕ್ಸ್‌ನಲ್ಲಿ 0.45 ಮಿ.ಮೀ., ಅಂದರೆ 450 ಮೈಕ್ರೋಮೀಟರ್. ಈಗ ಈರುಳ್ಳಿ ಸಿಪ್ಪೆಯ ಕೋಶಗಳನ್ನು 10ಎಕ್ಸ್‌ನಲ್ಲಿ ನೋಡಿ. ವೃತ್ತದ ಒಂದು ಕಡೆಯಿಂದ ಇನ್ನೊಂದು ಕಡೆಗೆ ಉದ್ದುದ್ದವಾಗಿ ಆರು ಕೋಶ ಹಿಡಿದರೆ ಒಂದರ ಉದ್ದ ಸುಮಾರು 300 ಮೈಕ್ರೋಮೀಟರ್. ನಮ್ಮ ಕೆಂಪು ರಕ್ತಕಣ ಬರೀ ಏಳೆಂಟು ಮೈಕ್ರೋಮೀಟರ್ ಎಂಬುದನ್ನು ಇದರ ಪಕ್ಕ ಇಟ್ಟು ನೋಡಿದಾಗ ಪುಸ್ತಕದ ಅಂಕಿಗಳಿಗೆ ಜೀವ ಬರುತ್ತದೆ. ಚಿತ್ರದ ಕೆಳಗೆ ‘400 ಪಟ್ಟು’ ಎಂದು ಬರೆಯುವವರು ನೂರು ಜನ. ಕೋಶದ ಗಾತ್ರ ಲೆಕ್ಕ ಹಾಕಿ ಬರೆದ ರೆಕಾರ್ಡ್ ಕೈಗೆ ಬಂದರೆ ಪರೀಕ್ಷಕರು ಒಂದು ಕ್ಷಣ ನಿಂತು ಓದುತ್ತಾರೆ.

ಕೆಲಸ ಮುಗಿದ ಮೇಲೆ ಚಿಕ್ಕ ಆಬ್ಜೆಕ್ಟಿವ್‌ಗೆ ತಿರುಗಿಸಿ, ಲೆನ್ಸನ್ನು ಲೆನ್ಸ್ ಪೇಪರ್‌ನಿಂದ ಮಾತ್ರ ಒರೆಸಿ. ಕರ್ಚೀಫು, ಕೋಟಿನ ಅಂಚು ಬೇಡ.

ತೆಳು ಛೇದ ತೆಗೆಯುವುದು

ಸೂರ್ಯಕಾಂತಿಯ ಎಳೆ ಕಾಂಡ ದ್ವಿದಳಕ್ಕೆ, ಮೆಕ್ಕೆಜೋಳದ ಕಾಂಡ ಏಕದಳಕ್ಕೆ. ಕಾಂಡವನ್ನು ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ನೆಟ್ಟಗೆ ಹಿಡಿದು, ಬ್ಲೇಡನ್ನೂ ಕಾಂಡವನ್ನೂ ನೀರಿನಿಂದ ಒದ್ದೆ ಮಾಡಿ, ಬ್ಲೇಡನ್ನು ಒತ್ತದೆ ಓರೆಯಾಗಿ ನಿಮ್ಮ ಕಡೆಗೆ ಒಂದೇ ಎಳೆತದಲ್ಲಿ ಎಳೆಯಿರಿ. ಗರಗಸದಂತೆ ಹಿಂದೆ ಮುಂದೆ ಆಡಿಸಿದರೆ ಅಂಗಾಂಶ ಹರಿಯುತ್ತದೆ. ಎಲೆಯ ಛೇದಕ್ಕೆ ಆಲೂಗಡ್ಡೆ ಅಥವಾ ಕ್ಯಾರೆಟ್ ತುಂಡನ್ನು ಸೀಳಿ, ಸೀಳಿನಲ್ಲಿ ಎಲೆ ಸಿಕ್ಕಿಸಿ, ಎರಡನ್ನೂ ಒಟ್ಟಿಗೆ ಕತ್ತರಿಸಬೇಕು.

ಹತ್ತಿಪ್ಪತ್ತು ಛೇದ ತೆಗೆದು ವಾಚ್ ಗ್ಲಾಸಿನ ನೀರಿಗೆ ಬಿಡಿ. ನೀರಿನಲ್ಲಿ ಕಂಡೂ ಕಾಣದಂತೆ ತೇಲುವುದೇ ಬೇಕಾದದ್ದು. ಪೂರ್ತಿ ದುಂಡಗಿನ ದಪ್ಪ ಛೇದಕ್ಕಿಂತ ಅರ್ಧಚಂದ್ರದಷ್ಟೇ ಬಂದ ತೆಳು ಛೇದ ಮೇಲು. ದುಂಡಗೆ ಬರಲಿಲ್ಲ ಎಂದು ಅದನ್ನು ಎಸೆದುಬಿಡುವುದನ್ನು ನೋಡಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ಬ್ರಷ್‌ನಿಂದ ಎತ್ತಿ ಸೇಫ್ರನಿನ್‌ನಲ್ಲಿ ಎರಡು ಮೂರು ನಿಮಿಷ ಇಟ್ಟು, ಹೆಚ್ಚಿನ ಬಣ್ಣ ತೊಳೆದು, ಸ್ಲೈಡಿನ ಮೇಲೆ ಒಂದು ಹನಿ ಗ್ಲಿಸರಿನ್‌ನಲ್ಲಿ ಕೂರಿಸಿ. ಕವರ್ ಸ್ಲಿಪ್ಪನ್ನು ಒಂದು ಅಂಚು ಮೊದಲು ತಾಗಿಸಿ, ಸೂಜಿಯ ಆಸರೆಯಲ್ಲಿ ನಿಧಾನ ಇಳಿಸಿದರೆ ಗಾಳಿಗುಳ್ಳೆ ಬರುವುದಿಲ್ಲ. ಬಂದರೆ ಗುರುತಿಸುವುದು ಸುಲಭ: ಅಚ್ಚುಕಟ್ಟಾದ ದುಂಡು, ದಟ್ಟ ಕಪ್ಪು ಅಂಚು. ಪ್ರತಿ ವರ್ಷ ಯಾರಾದರೂ ಅದನ್ನು ಕೋಶವೆಂದು ಬರೆದೇ ಬರೆಯುತ್ತಾರೆ.

ಲಿಗ್ನಿನ್ (ಕೋಶಭಿತ್ತಿಯನ್ನು ಗಟ್ಟಿ ಮಾಡುವ ವಸ್ತು) ಇರುವ ಕೋಶಗಳು, ಮುಖ್ಯವಾಗಿ ನೀರು ಸಾಗಿಸುವ ಕ್ಸೈಲಂ, ಸೇಫ್ರನಿನ್‌ಗೆ ಗಾಢ ಕೆಂಪಾಗುತ್ತವೆ. ಸೂರ್ಯಕಾಂತಿಯಲ್ಲಿ ವಾಹಕ ಕೂರ್ಚಗಳು ಉಂಗುರವಾಗಿ ನಿಂತಿರುತ್ತವೆ, ಮೆಕ್ಕೆಜೋಳದಲ್ಲಿ ಚೆಲ್ಲಾಪಿಲ್ಲಿ. ಬಣ್ಣ ಸರಿಯಾಗಿ ಹತ್ತಿದ್ದರೆ ಈ ವ್ಯತ್ಯಾಸ 4ಎಕ್ಸ್‌ನಲ್ಲೇ ಸಿಗುತ್ತದೆ.

ಈರುಳ್ಳಿ ಬೇರಿನ ತುದಿ

ಮೊದಲ ವರ್ಷದ ಪ್ರಯೋಗಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದು. ತಯಾರಿ ಕೆಲವು ದಿನ ಮುಂಚೆ ಮನೆಯಲ್ಲೇ ಶುರುವಾಗಬೇಕು. ಈರುಳ್ಳಿಯ ಬುಡದ ಒಣಬೇರುಗಳನ್ನು ಕೆರೆದು ತೆಗೆದು, ನೀರು ತುಂಬಿದ ಬಾಟಲಿಯ ಬಾಯಿ ಮೇಲೆ ಬುಡ ಮಾತ್ರ ನೀರಿಗೆ ತಾಗುವಂತೆ ಕೂರಿಸಿ. ನೀರು ದಿನಾ ಬದಲಿಸಿ. ಮೂರರಿಂದ ಐದು ದಿನಕ್ಕೆ ಎರಡು ಮೂರು ಸೆಂಟಿಮೀಟರ್ ಬಿಳಿ ಬೇರು ಬರುತ್ತದೆ. ಒಂದೇ ಈರುಳ್ಳಿಯನ್ನು ನಂಬಬೇಡಿ, ಮೂರು ನಾಲ್ಕು ಇಡಿ. ಹೊಲದಿಂದ ಆಗಷ್ಟೇ ಬಂದ ಗಡ್ಡೆ ಬೇಗ ಬೇರು ಬಿಡುವುದಿಲ್ಲ.

ಬೇರಿನ ತುದಿಗಳನ್ನು ಬೆಳಿಗ್ಗೆ ಕತ್ತರಿಸಿ ಫಿಕ್ಸಟಿವ್‌ಗೆ ಹಾಕುತ್ತಾರೆ: ಒಂದು ಭಾಗ ಗ್ಲೇಸಿಯಲ್ ಅಸಿಟಿಕ್ ಆಮ್ಲ, ಮೂರು ಭಾಗ ಈಥೈಲ್ ಆಲ್ಕೋಹಾಲ್. ಇದು ಕೋಶಗಳನ್ನು ಆ ಕ್ಷಣದ ಸ್ಥಿತಿಯಲ್ಲೇ ನಿಲ್ಲಿಸಿಬಿಡುತ್ತದೆ. 24 ಗಂಟೆ ಕಳೆದ ಮೇಲೆ ಶೇ. 70ರ ಆಲ್ಕೋಹಾಲ್‌ಗೆ ಬದಲಾಯಿಸಿದರೆ ಬಹಳ ದಿನ ಕೆಡುವುದಿಲ್ಲ. ನೀವು ಲ್ಯಾಬಿಗೆ ಬರುವಷ್ಟರಲ್ಲಿ ಅಟೆಂಡರ್ ಇದನ್ನೆಲ್ಲ ಮಾಡಿಟ್ಟಿರಬಹುದು. ಆದರೂ ಏನು ಮಾಡಿಟ್ಟಿದ್ದಾರೆ, ಯಾಕೆ ಎಂದು ಅವರನ್ನೇ ಕೇಳಿ. ಲ್ಯಾಬಿನಲ್ಲಿ ವರ್ಷಗಟ್ಟಲೆ ಇರುವ ಅಟೆಂಡರ್‌ಗೆ ಯಾವ ಬಾಟಲಿಯ ಬಣ್ಣ ಚೆನ್ನಾಗಿ ಹತ್ತುತ್ತದೆ, ಯಾವುದು ಹಳತಾಗಿದೆ ಎಂದು ಗೊತ್ತಿರುತ್ತದೆ.

ಇನ್ನು ಸ್ಲೈಡ್. ಬೇರನ್ನು ನೀರಿನಲ್ಲಿ ತೊಳೆದು, ಸ್ಲೈಡಿನ ಮೇಲಿಟ್ಟು, 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದ ಒಂದೆರಡು ಹನಿ ಹಾಕಿ ಮೆಲ್ಲಗೆ ಬಿಸಿ ಮಾಡಿ. ಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಪದರ ಆಮ್ಲಕ್ಕೆ ಸಡಿಲವಾಗುತ್ತದೆ. ಆಮ್ಲವನ್ನು ಬ್ಲಾಟಿಂಗ್ ಪೇಪರ್‌ಗೆ ಹೀರಿಸಿ, ಎರಡು ಮೂರು ಹನಿ ಅಸಿಟೋಕಾರ್ಮಿನ್ ಬಣ್ಣ ಹಾಕಿ, ಸ್ಪಿರಿಟ್ ಲ್ಯಾಂಪಿನ ಜ್ವಾಲೆಯ ಮೇಲೆ ಸ್ಲೈಡನ್ನು ಸುಮ್ಮನೆ ಹಾಯಿಸುತ್ತಾ ಬಿಸಿ ಮಾಡಿ. ಕುದಿಯಬಾರದು, ಒಣಗಬಾರದು. ಸ್ಲೈಡಿನ ಕೆಳಭಾಗವನ್ನು ಮುಂಗೈಗೆ ತಾಗಿಸಿದರೆ ಬೆಚ್ಚಗೆ ಅನ್ನಿಸಬೇಕು, ಸುಡಬಾರದು. ಐದರಿಂದ ಹತ್ತು ನಿಮಿಷ ಬಿಡಿ.

ಈಗ ಗಮನಿಸಿ ನೋಡಿದರೆ ಬೇರಿನ ಕೊನೆಯ ಒಂದೆರಡು ಮಿಲಿಮೀಟರ್ ಮಾತ್ರ ಉಳಿದ ಭಾಗಕ್ಕಿಂತ ಗಾಢವಾಗಿರುತ್ತದೆ. ವಿಭಜನೆ ನಡೆಯುವುದು ಅಲ್ಲೇ. ಕೋಶಗಳು ಚಿಕ್ಕವು, ಕೋಶಕೇಂದ್ರಗಳು ದೊಡ್ಡವು, ಒತ್ತೊತ್ತಾಗಿವೆ, ಅದಕ್ಕೇ ಆ ಬಣ್ಣ. ಬ್ಲೇಡಿನಿಂದ ಅಷ್ಟನ್ನೇ ಉಳಿಸಿಕೊಂಡು ಮಿಕ್ಕಿದ್ದನ್ನು ನಿರ್ದಾಕ್ಷಿಣ್ಯವಾಗಿ ತೆಗೆದುಬಿಡಿ. ಹೊಸ ಹನಿ ಬಣ್ಣ ಹಾಕಿ, ಸೂಜಿಯಿಂದ ಚೂರು ಮಾಡಿ, ಕವರ್ ಸ್ಲಿಪ್ ಇಡಿ. ಸ್ಲೈಡನ್ನು ಬ್ಲಾಟಿಂಗ್ ಪೇಪರ್ ಮಡಿಕೆಯೊಳಗೆ ಇಟ್ಟು, ಪೆನ್ಸಿಲಿನ ಹಿಂಬದಿಯಿಂದ ಮೆಲ್ಲಗೆ ತಟ್ಟಿ, ಕೊನೆಗೆ ಹೆಬ್ಬೆರಳಿನಿಂದ ನೇರ ಕೆಳಕ್ಕೆ ಒತ್ತಿ. ಬೆರಳು ಪಕ್ಕಕ್ಕೆ ಜಾರಿದರೆ ಕೋಶಗಳು ಸುರುಳಿ ಸುತ್ತಿಕೊಳ್ಳುತ್ತವೆ, ಸ್ಲೈಡ್ ಹೋಯಿತು.

10ಎಕ್ಸ್‌ನಲ್ಲಿ ಉದ್ದುದ್ದ ಆಯತಾಕಾರದ ಕೋಶಗಳು ಕಂಡರೆ ನೀವು ಮೇಲಿನ ಭಾಗದಲ್ಲಿದ್ದೀರಿ. ಚೌಕಾಕಾರದ, ಕೋಶಕೇಂದ್ರವೇ ಅರ್ಧ ತುಂಬಿಕೊಂಡಿರುವ ಕೋಶಗಳನ್ನು ಹುಡುಕಿ, ಆಮೇಲೆ 40ಎಕ್ಸ್‌ಗೆ ಹೋಗಿ. ಹೆಚ್ಚಿನವು ಇಂಟರ್‌ಫೇಸ್‌ನಲ್ಲಿರುತ್ತವೆ: ಇದು ವಿಭಜನೆ ಶುರುವಾಗುವ ಮುಂಚಿನ ಹಂತ, ದುಂಡು ಕೋಶಕೇಂದ್ರ, ಒಳಗೆ ನವಿರು ಕಣಕಣ. ಪ್ರೊಫೇಸ್‌ನಲ್ಲಿ ನೂಲಿನ ಉಂಡೆ. ಮೆಟಾಫೇಸ್‌ನಲ್ಲಿ ವರ್ಣತಂತುಗಳು ಮಧ್ಯದಲ್ಲಿ ಸಾಲಾಗಿ ನಿಂತಿರುತ್ತವೆ, ಆದರೆ ಮೇಲಿನಿಂದ ಕಂಡರೆ ಸಾಲಿನ ಬದಲು ಹೂವಿನಂತೆ ಹರಡಿಕೊಂಡಿರುತ್ತವೆ. ಪುಸ್ತಕದ ಚಿತ್ರ ಪಕ್ಕನೋಟ ಮಾತ್ರ ತೋರಿಸುವುದರಿಂದ ಇದನ್ನು ಯಾರೂ ಗುರುತಿಸುವುದಿಲ್ಲ. ಅನಾಫೇಸ್ ಅಪರೂಪ, ಸಿಕ್ಕರೆ ಪಕ್ಕದವರನ್ನೂ ಕರೆದು ತೋರಿಸಿ: ಎರಡು ಗುಂಪುಗಳು ಆಚೀಚೆ ಸರಿಯುತ್ತಿರುತ್ತವೆ, ಪ್ರತಿ ವರ್ಣತಂತುವೂ ನಡುವೆ ಬಾಗಿ ತೋಳುಗಳು ಹಿಂದಕ್ಕೆ ಎಳೆದುಕೊಂಡಂತಿರುತ್ತವೆ. ಟೀಲೋಫೇಸ್‌ನಲ್ಲಿ ಎರಡು ಗಾಢ ಮುದ್ದೆಗಳ ನಡುವೆ ಕೋಶಫಲಕದ ತೆಳು ಗೆರೆ. ಈರುಳ್ಳಿಯಲ್ಲಿ ವರ್ಣತಂತುಗಳು 16. ಚೆನ್ನಾಗಿ ಹರಡಿದ ಮೆಟಾಫೇಸ್ ಸಿಕ್ಕರೆ ಎಣಿಸಲು ಪ್ರಯತ್ನಿಸಿ. 14 ಅಥವಾ 15 ಸಿಕ್ಕರೆ ಅಷ್ಟೇ ಬರೆಯಿರಿ, ಒಂದರ ಮೇಲೊಂದು ಬಿದ್ದಿರುವುದರಿಂದ ಹೀಗಾಗಿದೆ ಎಂದು ಸೇರಿಸಿ. ಹದಿನಾರನ್ನು ಕಲ್ಪಿಸಿಕೊಂಡು ಬರೆದರೆ ಆ ಪುಟ ಕೆಟ್ಟಿತು.

ಜರ್ಮನಿಯ ವಾಲ್ಟರ್ ಫ್ಲೆಮಿಂಗ್ 1882ರ ಹೊತ್ತಿಗೆ ಈ ಹಂತಗಳನ್ನು ಸಲಾಮಾಂಡರ್ ಮರಿಗಳ ಕೋಶಗಳಲ್ಲಿ ನೋಡಿ ಸವಿವರವಾಗಿ ಬರೆದಿದ್ದರು. ಬಣ್ಣ ಹಾಕಿ ನಿಲ್ಲಿಸಿದ ಕೋಶಗಳಲ್ಲಿ ಯಾವುದು ಮೊದಲು, ಯಾವುದು ನಂತರ ಎಂದು ಅಲ್ಲಿ ಬರೆದಿರುವುದಿಲ್ಲ. ಆ ಕ್ರಮವನ್ನು ನೋಡುವವರೇ ಕಂಡುಕೊಳ್ಳಬೇಕು, ನಿಮ್ಮ ಸ್ಲೈಡಿನ ಮುಂದೆ ನೀವೂ ಅದನ್ನೇ ಮಾಡಬೇಕು.

ಎಣಿಕೆಯನ್ನು ಬಿಡಬೇಡಿ. ಬೇರೆ ಬೇರೆ ಜಾಗಗಳಲ್ಲಿ ಒಟ್ಟು 200 ಕೋಶ ಎಣಿಸಿ, ಅದರಲ್ಲಿ ವಿಭಜನೆಯಲ್ಲಿರುವುದು 24 ಎಂದುಕೊಳ್ಳಿ. 24ನ್ನು 200ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 12, ಇದು ಮೈಟಾಟಿಕ್ ಇಂಡೆಕ್ಸ್. ಆ 24ರಲ್ಲಿ ಮೆಟಾಫೇಸ್ 4 ಇದ್ದು, ಇಡೀ ಕೋಶಚಕ್ರಕ್ಕೆ 24 ಗಂಟೆ ಎಂದು ಇಟ್ಟುಕೊಂಡರೆ, ಮೆಟಾಫೇಸ್‌ಗೆ ಹಿಡಿಯುವ ಸಮಯ 4 ಭಾಗಿಸು 200, ಗುಣಿಸು 24: ಹತ್ತಿರ ಹತ್ತಿರ ಅರ್ಧ ಗಂಟೆ. ಸತ್ತ ಕೋಶಗಳ ಸ್ಲೈಡಿನಿಂದ ಸಮಯ ಲೆಕ್ಕ ಹಾಕಬಹುದು ಎಂಬುದು ಎಷ್ಟು ಸೊಗಸು! ಯಾವ ಹಂತದಲ್ಲಿ ಕೋಶ ಹೆಚ್ಚು ಹೊತ್ತು ಇರುತ್ತದೋ ಆ ಹಂತದ ಕೋಶಗಳೇ ಹೆಚ್ಚು ಸಿಗುತ್ತವೆ, ಅನಾಫೇಸ್ ಅಪರೂಪವಾಗುವುದೂ ಅದರಿಂದಲೇ.

ರಿಯೋ ಎಲೆಯಲ್ಲಿ ಅಭಿಸರಣೆ

ಮೇಲೆ ಹಸಿರು, ಕೆಳಗೆ ನೇರಳೆ ಎಲೆಯ ರಿಯೋ ಗಿಡ ಕಾಲೇಜು ಅಂಗಳದ ಕುಂಡಗಳಲ್ಲಿ ಇದ್ದೇ ಇರುತ್ತದೆ. ಎಲೆಯನ್ನು ಓರೆಯಾಗಿ ಹರಿದರೆ ನೇರಳೆ ಬದಿಯ ತೆಳು ಪೊರೆ ಕಿತ್ತು ಬರುತ್ತದೆ. ಅದನ್ನು ನೀರಿನ ಹನಿಯಲ್ಲಿ ಇಟ್ಟು ನೋಡಿದರೆ ಷಟ್ಕೋನದಂಥ ಕೋಶಗಳ ತುಂಬಾ ಬಣ್ಣ. ಕವರ್ ಸ್ಲಿಪ್ಪಿನ ಒಂದು ಅಂಚಿಗೆ ಶೇ. 5ರ ಉಪ್ಪಿನ ದ್ರಾವಣದ ಹನಿ ಬಿಟ್ಟು, ಎದುರಿನ ಅಂಚಿಗೆ ಬ್ಲಾಟಿಂಗ್ ಪೇಪರ್ ತಾಗಿಸಿ ದ್ರಾವಣವನ್ನು ಒಳಕ್ಕೆ ಎಳೆಯಿರಿ. ಕಣ್ಣು ಐಪೀಸಿನಲ್ಲೇ ಇರಲಿ. ಕೆಲವೇ ನಿಮಿಷದಲ್ಲಿ ನೇರಳೆ ಭಾಗ ಮೂಲೆಗಳಿಂದ ಬಿಟ್ಟುಕೊಂಡು ಒಳಕ್ಕೆ ಕುಗ್ಗುತ್ತದೆ, ಕೋಶಭಿತ್ತಿ ಮಾತ್ರ ಇದ್ದಲ್ಲೇ ನಿಲ್ಲುತ್ತದೆ. ಕೋಶದ ನೀರು ಪೊರೆಯ ಮೂಲಕ ಉಪ್ಪಿನ ಕಡೆಗೆ ಹೋಗಿದೆ, ಇದೇ ಅಭಿಸರಣೆ. ಬೇಗನೆ ಅದೇ ರೀತಿ ಶುದ್ಧ ನೀರು ಹಾಯಿಸಿದರೆ ಮತ್ತೆ ಹಿಗ್ಗುತ್ತದೆ. ಹಿಗ್ಗಿತು ಎಂದರೆ ಕೋಶ ಇನ್ನೂ ಜೀವಂತ. ತಡಮಾಡಿದರೆ ಹಿಗ್ಗದೇ ಇರಬಹುದು, ಆಗ ಎಷ್ಟು ನಿಮಿಷ ಉಪ್ಪಿನಲ್ಲಿತ್ತು ಎಂದು ಬರೆಯಿರಿ.

ದ್ರಾವಣವನ್ನು ಸ್ವತಃ ತಯಾರಿಸುವವರು ಒಂದನ್ನು ನೆನಪಿಡಬೇಕು. ಶೇ. 5 ಎಂದರೆ 5 ಗ್ರಾಂ ಉಪ್ಪನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಆಮೇಲೆ ಒಟ್ಟು 100 ಮಿ.ಲೀ. ಆಗುವವರೆಗೆ ನೀರು ತುಂಬುವುದು. 100 ಮಿ.ಲೀ. ನೀರಿಗೆ 5 ಗ್ರಾಂ ಸುರಿದರೆ ಲೆಕ್ಕ ತಪ್ಪುತ್ತದೆ. ಸಕ್ಕರೆಯ 1 ಮೋಲಾರ್ ದ್ರಾವಣಕ್ಕೂ ಇದೇ ನಿಯಮ: 342 ಗ್ರಾಂ, ಒಟ್ಟು ಒಂದು ಲೀಟರ್. ಆಮ್ಲವನ್ನು ತೆಳು ಮಾಡುವಾಗ ಆಮ್ಲವನ್ನೇ ನೀರಿಗೆ ಹಾಕಬೇಕು, ನೀರನ್ನು ಆಮ್ಲಕ್ಕೆ ಎಂದೂ ಹಾಕಬಾರದು.

ಆಹಾರ ಪರೀಕ್ಷೆಗಳು

ಇವು ಸುಲಭ. ಅಯೋಡಿನ್‌ಗೆ ಪಿಷ್ಟ ಕಡುನೀಲಿಯಾಗುತ್ತದೆ, ಬೈಯುರೆಟ್‌ಗೆ ಪ್ರೋಟೀನ್ ನೇರಳೆಯಾಗುತ್ತದೆ, ಬೆನೆಡಿಕ್ಟ್ ದ್ರಾವಣದ ಜೊತೆ ಬಿಸಿ ಮಾಡಿದರೆ ಗ್ಲೂಕೋಸ್, ಫ್ರಕ್ಟೋಸ್ ಮುಂತಾದ ಅಪಕರ್ಷಕ ಸಕ್ಕರೆಗಳು ಪ್ರಮಾಣಕ್ಕೆ ತಕ್ಕಂತೆ ಹಸಿರು, ಹಳದಿ, ಕಿತ್ತಳೆ, ಇಟ್ಟಿಗೆ ಕೆಂಪು ಕೊಡುತ್ತವೆ. ಪ್ರತಿ ಪರೀಕ್ಷೆಗೂ ಒಂದು ಪ್ರನಾಳದಲ್ಲಿ ಬರೀ ನೀರು ಇಟ್ಟು ಅದಕ್ಕೂ ಎಲ್ಲವನ್ನೂ ಮಾಡಿ. ಆ ಪ್ರನಾಳ ಇಲ್ಲದಿದ್ದರೆ ಬಣ್ಣ ಬಂದದ್ದು ಯಾವುದರಿಂದ ಎಂದು ಹೇಳಲು ಆಧಾರವೇ ಇರುವುದಿಲ್ಲ.

ಮೇಡಂ ಒಪ್ಪಿದರೆ ಮನೆಯಿಂದ ಸ್ವಲ್ಪ ಸಕ್ಕರೆ, ಸ್ವಲ್ಪ ಬೆಲ್ಲ ತನ್ನಿ. ಸಕ್ಕರೆ ದ್ರಾವಣಕ್ಕೆ ಬೆನೆಡಿಕ್ಟ್ ನೀಲಿಯಾಗಿಯೇ ಉಳಿಯುತ್ತದೆ, ಬೆಲ್ಲಕ್ಕೆ ಬಣ್ಣ ತಿರುಗುತ್ತದೆ. ಎರಡೂ ಕಬ್ಬಿನಿಂದಲೇ ಬಂದದ್ದು, ಆದರೆ ಬೆಲ್ಲದಲ್ಲಿ ಸುಕ್ರೋಸ್ ಜೊತೆಗೆ ಗ್ಲೂಕೋಸ್, ಫ್ರಕ್ಟೋಸ್ ಉಳಿದಿರುತ್ತವೆ. ಸಕ್ಕರೆ ದ್ರಾವಣಕ್ಕೆ ಎರಡು ಹನಿ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಕೆಲವು ನಿಮಿಷ ಕುದಿಸಿ, ಸೋಡಿಯಂ ಬೈಕಾರ್ಬೊನೇಟ್‌ನಿಂದ ತಟಸ್ಥ ಮಾಡಿ ಮತ್ತೆ ಪರೀಕ್ಷಿಸಿದರೆ ಅದೂ ಕೆಂಪಾಗುತ್ತದೆ, ಆಮ್ಲ ಸುಕ್ರೋಸನ್ನು ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆದಿರುತ್ತದೆ.

ರಕ್ತದ ಗುಂಪು, ಮತ್ತು ಛೇದನದ ವಿಷಯ

ಲ್ಯಾನ್ಸೆಟ್ ಒಬ್ಬರಿಗೆ ಒಂದೇ. ಪಕ್ಕದವರದನ್ನು ಸ್ಪಿರಿಟ್‌ನಲ್ಲಿ ಒರೆಸಿ ಚುಚ್ಚಿಕೊಳ್ಳುವುದು ಎಷ್ಟೇ ಸಲುಗೆ ಇದ್ದರೂ ಕೂಡದು. ಬಳಸಿದ್ದನ್ನು ಕಸದ ಬುಟ್ಟಿಗೆ ಹಾಕದೆ ಅದಕ್ಕೆಂದೇ ಇಟ್ಟ ಡಬ್ಬಿಗೆ ಹಾಕಿ. ಚುಚ್ಚಿಸಿಕೊಳ್ಳಲು ಇಷ್ಟವಿಲ್ಲದವರು ಹಾಗೆಂದು ಹೇಳಬಹುದು, ನಾಚಿಕೆ ಬೇಡ.

ನೀಲಿ ಬಣ್ಣದ ಆಂಟಿ-ಎ, ಹಳದಿಯ ಆಂಟಿ-ಬಿ, ಬಣ್ಣವಿಲ್ಲದ ಆಂಟಿ-ಡಿ, ಇವು ಪ್ರತಿಕಾಯ ಇರುವ ದ್ರಾವಣಗಳು. ಸ್ಲೈಡಿನ ಮೇಲೆ ಮೂರರ ಪಕ್ಕ ಒಂದೊಂದು ಹನಿ ರಕ್ತ. ಬೆರೆಸಲು ಮೂರು ಬೇರೆ ಬೇರೆ ಕಡ್ಡಿ. ಎರಡು ನಿಮಿಷದೊಳಗೆ ಮರಳಿನಂತೆ ಕಾಳುಕಾಳಾದರೆ ಆ ಆಂಟಿಜೆನ್, ಅಂದರೆ ಕೆಂಪುಕಣದ ಮೇಲಿನ ಗುರುತಿನ ಅಣು, ಇದೆ. ಒಣಗಿದ ಮೇಲೆ ಓದಿದರೆ ಅಂಚು ಕಾಳುಕಟ್ಟಿದಂತೆ ಕಂಡು ದಾರಿ ತಪ್ಪಿಸುತ್ತದೆ.

ಎಬಿಓ ಗುಂಪುಗಳನ್ನು 1901ರಲ್ಲಿ ಪ್ರಕಟಿಸಿದ ಕಾರ್ಲ್ ಲ್ಯಾಂಡ್‌ಸ್ಟೈನರ್ ಅವರಿಗೆ 1930ರಲ್ಲಿ ನೊಬೆಲ್ ಬಂತು ಎಂಬುದು ಎಲ್ಲರಿಗೂ ಗೊತ್ತು. 1952ರಲ್ಲಿ ಮುಂಬೈಯ ವೈ.ಎಂ. ಭೇಂಡೆ ಮತ್ತು ಸಂಗಡಿಗರು ವರದಿ ಮಾಡಿದ ‘ಬಾಂಬೆ’ ಗುಂಪನ್ನೂ ತಿಳಿದಿರಿ. ಈ ಗುಂಪಿನವರ ಕೆಂಪುಕಣಗಳಲ್ಲಿ ಎ, ಬಿ ಎರಡಕ್ಕೂ ತಳಹದಿಯಾದ ಎಚ್ ಆಂಟಿಜೆನ್ನೇ ಇರುವುದಿಲ್ಲ. ನಿಮ್ಮ ಸ್ಲೈಡಿನಲ್ಲಿ ಅವರು ‘ಓ’ ಎಂದೇ ಕಾಣುತ್ತಾರೆ, ಆದರೆ ಓ ಗುಂಪಿನ ರಕ್ತ ಕೊಟ್ಟರೆ ಅವರ ಜೀವಕ್ಕೆ ಅಪಾಯ. ಒಂದು ಪರೀಕ್ಷೆಯ ಮಿತಿ ಎಲ್ಲಿದೆ ಎಂದು ಕೇಳಿದರೆ ಕೊಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಕಪ್ಪೆ, ಜಿರಳೆ ಕೊಯ್ಯಬೇಕೇ ಎಂದು ಪ್ರಾಣಿಶಾಸ್ತ್ರದ ಹೊಸಬರು ಕೇಳುತ್ತಾರೆ. ವಿಶ್ವವಿದ್ಯಾಲಯ ಅನುದಾನ ಆಯೋಗ 2014ರಲ್ಲಿ ಪ್ರಾಣಿಗಳ ಛೇದನ ನಿಲ್ಲಿಸಲು ಸೂಚಿಸಿದ ಮೇಲೆ ಚಾರ್ಟ್, ಮಾದರಿ, ವಿಡಿಯೋಗಳು ಅದರ ಜಾಗಕ್ಕೆ ಬಂದಿವೆ. ಚಾರ್ಟ್ ನೋಡಿ ಚಿತ್ರ ಬರೆಯುವಾಗ ಕಣ್ಣು ಬೇಗ ಸೋಮಾರಿಯಾಗುತ್ತದೆ. ಮಾದರಿಯನ್ನು ಕೈಗೆತ್ತಿಕೊಂಡು ಎಲ್ಲ ಬದಿಯಿಂದ ನೋಡಿ ಬರೆಯಿರಿ.

ರೆಕಾರ್ಡ್

ಚಿತ್ರ ಪೆನ್ಸಿಲಿನಲ್ಲಿ, ದೊಡ್ಡದಾಗಿ, ಒಂದೇ ಸ್ಪಷ್ಟ ಗೆರೆಯಲ್ಲಿ. ಉಜ್ಜಿ ನೆರಳು ಕೊಡಬೇಡಿ, ಬೇಕಾದರೆ ಚುಕ್ಕಿ ಇಡಿ. ಹೆಸರುಗಳೆಲ್ಲ ಬಲಬದಿಗೆ, ಗೆರೆಗಳು ಒಂದನ್ನೊಂದು ದಾಟದಂತೆ. ಚಿತ್ರದ ಕೆಳಗೆ ಹೆಸರು, ಬಳಸಿದ ಬಣ್ಣ, ವರ್ಧನೆ. ಸಸ್ಯ ಅಥವಾ ಪ್ರಾಣಿಯ ವೈಜ್ಞಾನಿಕ ಹೆಸರಿಗೆ ಅಡಿಗೆರೆ.

ನಿಮಗೆ ಕಂಡಿರದ ಭಾಗಕ್ಕೆ ಹೆಸರು ಬರೆಯಬೇಡಿ. ನನ್ನ ಒಂದೇ ಒಂದು ಮಾತು ಉಳಿಸಿಕೊಳ್ಳುವುದಾದರೆ ಇದನ್ನು ಉಳಿಸಿಕೊಳ್ಳಿ. ಸಾಧಾರಣ ಸೂಕ್ಷ್ಮದರ್ಶಕದ 400 ಪಟ್ಟಿನಲ್ಲಿ ರೈಬೋಸೋಮ್ ಕಾಣುವುದಿಲ್ಲ, ಆದರೂ ಕೆನ್ನೆಯ ಕೋಶದ ಚಿತ್ರದಲ್ಲಿ ಅದನ್ನು ಬರೆದ ರೆಕಾರ್ಡ್‌ಗಳು ಬರುತ್ತಲೇ ಇರುತ್ತವೆ. ಪ್ರಯೋಗ ಕೈಕೊಟ್ಟರೆ ಫಲಿತಾಂಶ ಎಂಬಲ್ಲಿ ಆದದ್ದನ್ನೇ ಬರೆದು, ಕೆಳಗೆ ಎರಡು ಸಾಲು ಕಾರಣ ಊಹಿಸಿ: ಬಣ್ಣ ಹಳೆಯದಿತ್ತು, ಬೇರು ಒಣಗಿತ್ತು, ಬಿಸಿ ಸಾಲಲಿಲ್ಲ. ಕೆಲವು ಕಡೆ ಪುಸ್ತಕದ ಫಲಿತಾಂಶವನ್ನೇ ಬರೆಯಿರಿ ಎನ್ನುವವರೂ ಸಿಗುತ್ತಾರೆ. ಅಲ್ಲಿ ‘ನಿರೀಕ್ಷಿತ ಫಲಿತಾಂಶ’ ಮತ್ತು ‘ನಮಗೆ ಬಂದದ್ದು’ ಎಂದು ಎರಡನ್ನೂ ಬರೆಯಿರಿ. ಯಾರಿಗೂ ಎದುರಾಡಿದಂತಾಗುವುದಿಲ್ಲ, ಸುಳ್ಳೂ ಬರೆದಂತಾಗುವುದಿಲ್ಲ. ಸಹಿಯನ್ನು ಆಯಾ ವಾರವೇ ಹಾಕಿಸಿಕೊಳ್ಳಿ.

ಕನ್ನಡ ಮಾಧ್ಯಮದಿಂದ ಬಂದವರು ಸಾದಾ ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಪದಪಟ್ಟಿ ಇಟ್ಟುಕೊಳ್ಳಿ. ಅಭಿಸರಣೆ, ವಿಸರಣೆ, ಪತ್ರರಂಧ್ರ, ವರ್ಣತಂತು, ಕೋಶಭಿತ್ತಿ, ಇವೆಲ್ಲ ಹೈಸ್ಕೂಲಿನಲ್ಲಿ ಚೆನ್ನಾಗಿ ಓದಿದ್ದೇ, ಹೆಸರು ಮಾತ್ರ ಬದಲಾಗಿದೆ. ಪಾಠ ಮೊದಲು ಕನ್ನಡದಲ್ಲಿ ಅರ್ಥ ಮಾಡಿಕೊಂಡು, ಉತ್ತರವನ್ನು ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಬರೆದು ರೂಢಿ ಮಾಡಿಕೊಳ್ಳಿ.

ಸ್ಪಾಟರ್ ಮತ್ತು ವೈವಾ

ಸ್ಪಾಟರ್‌ಗೆ (ಮೇಜಿನ ಮೇಲಿಟ್ಟ ಸ್ಲೈಡ್ ಅಥವಾ ಮಾದರಿಯನ್ನು ಗುರುತಿಸಿ ಬರೆಯುವುದು) ಕೆಲವೇ ನಿಮಿಷ ಕೊಡುತ್ತಾರೆ. ಮೊದಲ ಸಾಲಿನಲ್ಲಿ ಏನೆಂದು ಹೆಸರಿಸಿ, ಆಮೇಲೆ ಹಾಗೆ ಹೇಳಲು ನಿಮಗೆ ಕಂಡ ಲಕ್ಷಣಗಳನ್ನು ಮಾತ್ರ ಬರೆಯಿರಿ. ಟಿ.ಎಸ್. (ಅಡ್ಡ ಛೇದ) ಸ್ಲೈಡಾದರೆ ‘ವಾಹಕ ಕೂರ್ಚಗಳು ಚದುರಿವೆ, ಆದ್ದರಿಂದ ಏಕದಳ ಕಾಂಡ’ ಎಂಬಷ್ಟು ನೇರವಾಗಿರಲಿ. ತಯಾರಿಗೆ ಗೈಡ್ ಓದುವುದಕ್ಕಿಂತ, ಪರೀಕ್ಷೆಗೆ ಒಂದು ವಾರ ಮುಂಚೆ ಗೆಳೆಯರಿಬ್ಬರು ಸೇರಿ ಲ್ಯಾಬಿನ ಶಾಶ್ವತ ಸ್ಲೈಡುಗಳ ಹೆಸರಿನ ಚೀಟಿ ಮುಚ್ಚಿ ಒಬ್ಬರಿಗೊಬ್ಬರು ತೋರಿಸಿಕೊಳ್ಳಿ. ಮೊದಲೇ ಕೇಳಿಕೊಂಡರೆ ಲ್ಯಾಬ್ ತೆರೆದುಕೊಡುತ್ತಾರೆ.

ವೈವಾದಲ್ಲಿ ಹೊರಗಿನ ಪರೀಕ್ಷಕರು ಬಹುತೇಕ ನಿಮ್ಮ ಮೇಜಿನ ಮೇಲಿರುವುದರಿಂದಲೇ ಶುರು ಮಾಡುತ್ತಾರೆ. ಆಮ್ಲ ಯಾಕೆ ಹಾಕಿದೆ? ಬೇರಿನ ತುದಿಯೇ ಯಾಕೆ? ನೀರಿನ ಪ್ರನಾಳ ಯಾಕೆ ಇಟ್ಟೆ? ಸ್ವಂತ ಕೈಯಿಂದ ಮಾಡಿದವರಿಗೆ ಇವುಗಳ ಉತ್ತರ ತಡಕಾಡದೆ ಬರುತ್ತದೆ. ಸ್ಲೈಡಿನಲ್ಲಿ ಅನಾಫೇಸ್ ತೋರಿಸು ಎಂದು ಕೇಳಿ, ಅದು ಸಿಗದಿದ್ದರೆ, ಬೇರೆ ಯಾವುದನ್ನೋ ತೋರಿಸಿ ಅನಾಫೇಸ್ ಎನ್ನಬೇಡಿ. ‘ಸರ್, ಇದರಲ್ಲಿ ಪ್ರೊಫೇಸ್, ಮೆಟಾಫೇಸ್ ಸಿಕ್ಕಿವೆ, ಅನಾಫೇಸ್ ಸಿಕ್ಕಿಲ್ಲ’ ಎಂದು ಸಿಕ್ಕಿದ್ದನ್ನು ಐಪೀಸಿನ ಪಾಯಿಂಟರ್ ತುದಿಗೆ ತಂದು ತೋರಿಸಿ. ಅನಾಫೇಸ್ ಯಾಕೆ ಅಪರೂಪ ಎಂಬ ಮುಂದಿನ ಪ್ರಶ್ನೆಗೆ ನಿಮ್ಮ ಎಣಿಕೆಯ ಪುಟವನ್ನು ತೆರೆದಿಟ್ಟರಾಯಿತು.